ಅಪ್‌ಡೇಟ್: ಬ್ಯುಟನಾಲ್ ಕೊನೆಗೂ ಬೇರೆಯಾಯಿತು, ನೊರೆ ಮಾತ್ರ ಬಿಟ್ಟಿಲ್ಲ

ಹುದುಗಿಸಿದ ಮೆಕ್ಕೆಜೋಳದ ಪಿಷ್ಟದಿಂದ ಬ್ಯುಟನಾಲ್ (ಇಂಧನವಾಗಿಯೂ ಬಳಸಬಹುದಾದ ಒಂದು ಬಗೆಯ ಆಲ್ಕೋಹಾಲ್) ಬಟ್ಟಿ ಇಳಿಸಲು ಇಷ್ಟೊಂದು ಶಾಖ ಯಾಕೆ ಬೇಕು ಅಂತ ಹಿಂದೆ ಕೇಳಿದ್ದೆ. "ಕುದಿಸುವುದು ಬಿಡಿ, ಗ್ಯಾಸ್ ಹಾಯಿಸಿ ನೋಡಿ" ಅಂದವರಿಗೆ ಥ್ಯಾಂಕ್ಸ್. ಹಾಗೇ ಮಾಡಿದೆ.

ಮೊದಲು ನನ್ನ ತಪ್ಪು. ಇದೂ ಎಥನಾಲ್ ತರಹವೇ ಅಂದುಕೊಂಡಿದ್ದೆ. ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ, ಬ್ಯುಟನಾಲ್‌ಗೆ ಸುಮಾರು 118 ಬೇಕು, ನೀರಿಗಿಂತಲೂ ಜಾಸ್ತಿ. ಮೇಲಾಗಿ ದ್ರವದಲ್ಲಿ ಅದು ಇರುವುದೇ ಶೇ. 1ರಿಂದ 2. ಅದಕ್ಕಿಂತ ಏರಿದರೆ ತಯಾರಿಸುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗೇ ವಿಷ. ಅಂದರೆ ಇಷ್ಟು ದಿನ ಸುಮ್ನೆ ನೀರು ಕಾಯಿಸುತ್ತಿದ್ದೆ, ಅಲ್ವಾ!

ಈಗ ಹುದುಗುವಾಗ ಬರುವ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್‌ಗಳನ್ನೇ ಪಂಪ್ ಮಾಡಿ ದ್ರವದೊಳಗೆ ಗುಳ್ಳೆಯಾಗಿ ಬಿಡುತ್ತಿದ್ದೇನೆ. ಗ್ಯಾಸ್ ಬ್ಯುಟನಾಲನ್ನು ಹೊತ್ತು ತರುತ್ತದೆ, ತಂಪು ಕೊಳವೆಯಲ್ಲಿ ಅದು ಹನಿಯಾಗುತ್ತದೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಬಾಟಲಿಯಲ್ಲಿ ಎರಡು ಪದರ ಕಂಡಾಗ ಕುಣಿಯುವಷ್ಟು ಖುಷಿಯಾಯಿತು. ನೀರಿನಲ್ಲಿ ಬ್ಯುಟನಾಲ್ ಕರಗುವುದು ಶೇ. 7–8ರಷ್ಟು ಮಾತ್ರ. ಮಿಕ್ಕಿದ್ದು ಮೇಲೆ ತೇಲುತ್ತದೆ. ಆ ಪದರವನ್ನು ಬಟ್ಟಿ ಇಳಿಸಲು ಶಾಖ ಎಷ್ಟೋ ಕಡಿಮೆ ಸಾಕು. ಕೆಳಗಿನ ನೀರಿನಲ್ಲೂ ಸ್ವಲ್ಪ ಉಳಿದಿರುತ್ತದೆ, ಚೆಲ್ಲಬೇಡಿ.

ತಲೆನೋವು ಅಂದರೆ ನೊರೆ. ಒಂದು ರಾತ್ರಿ ಉಕ್ಕಿ ಕೊಳವೆ ಕಟ್ಟಿಕೊಂಡಿತು. ಗಾಬರಿಯಲ್ಲಿ ನೊರೆ ತಡೆಯುವ ಎಣ್ಣೆ ಜಾಸ್ತಿ ಸುರಿದೆ, ಹುದುಗುವುದೇ ಮಂದವಾಯಿತು. ಈಗ ಹನಿ ಲೆಕ್ಕದಲ್ಲಿ ಹಾಕುತ್ತೇನೆ. ಹೈಡ್ರೋಜನ್ ಇರುವುದರಿಂದ ಹತ್ತಿರ ಬೆಂಕಿ, ಕಿಡಿ ಬೇಡವೇ ಬೇಡ.

ಮುಂದಿನ ಸಲ ಗ್ಯಾಸ್ ಬದಲು ಸಿಲಿಕೋನ್ ಪೊರೆ ಬಳಸಿ ನೋಡುತ್ತೇನೆ. ನೀರಿಗಿಂತ ಬ್ಯುಟನಾಲ್ ಅದನ್ನು ಸಲೀಸಾಗಿ ದಾಟುತ್ತದೆ, ಗುಳ್ಳೆ ಬಿಡಬೇಕಿಲ್ಲವಾದ್ದರಿಂದ ನೊರೆಯ ಕಾಟವೂ ಅಷ್ಟಾಗಿ ಇರುವುದಿಲ್ಲ.