ದಕ್ಷಿಣದ ಗೋಡೆಗೆ ಗ್ರೀನ್‌ಹೌಸ್ ಒರಗಿಸಿದರೆ ಮನೆ ಬೆಚ್ಚಗಾಗುತ್ತದಾ?

ಕೇಳಿದವರು, ಊಟಿ ಹತ್ತಿರದ ಹಟ್ಟಿಯಿಂದ:

ನಮ್ಮದು ಹಳೆಯ ಕಲ್ಲಿನ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಡಿಸೆಂಬರ್ ಬಂತೆಂದರೆ ಅಮ್ಮನಿಗೆ ರಾತ್ರಿಯೆಲ್ಲ ಕಾಲು ಸೆಳೆತ. ಹೀಟರ್ ಹಾಕಿದರೆ ಕರೆಂಟ್ ಬಿಲ್ಲು ತಡೆಯೋಕಾಗಲ್ಲ. ಮನೆಯ ಗೋಡೆಗೇ ತಾಗಿಸಿ ಇಳಿಜಾರಾಗಿ ಒಂದು ಗ್ರೀನ್‌ಹೌಸ್ ಕಟ್ಟಿ, ಅದರ ಬಿಸಿಯನ್ನು ಒಳಗೆ ಬಿಟ್ಟುಕೊಳ್ಳಬಹುದು ಅಂತ ಒಬ್ಬರು ಹೇಳಿದರು. ಮಾಡಿದವರು ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಹಣ ಹಾಕಿದ ಮೇಲೆ ಪೇಚಾಡುವುದು ಬೇಡ.

ಕೋಟಗಿರಿಯಿಂದ:

ನಾವು ಕಟ್ಟಿ ನಾಲ್ಕು ಚಳಿಗಾಲ ಆಯಿತು. ನೀವೂ ಕಟ್ಟಿ ಅಂತಲೇ ಹೇಳುತ್ತೇನೆ. ನಮ್ಮ ಬೆಟ್ಟದ ಚಳಿಗೆ ಒಂದು ಗುಣ ಇದೆ. ಹುಲ್ಲಿನ ಮೇಲೆ ಹಿಮ ಕೂರುವುದು, ಇಲ್ಲಿ ತಮಿಳಿನಲ್ಲಿ ಉರೈಪನಿ ಅಂತಾರಲ್ಲ ಅದು, ಮೋಡ ಇಲ್ಲದ ರಾತ್ರಿಯಲ್ಲಿ. ಆಕಾಶ ಬಯಲಾಗಿದ್ದರೆ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಅಂಥ ದಿನ ಹಗಲಲ್ಲಿ ಚುರುಕು ಬಿಸಿಲು ಇರುತ್ತದೆ. ಹಾಗಾಗಿ ಚಳಿ ಜಾಸ್ತಿ ಇರುವ ದಿನಗಳಲ್ಲೇ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈ ತಿಂಗಳ ಮಳೆ ಚಳಿಗೆ ಮಾತ್ರ ಇದನ್ನು ನಂಬಬೇಡಿ, ಬಿಸಿಲೇ ಇಲ್ಲ ಅಂದರೆ ಏನು ಬರುತ್ತದೆ.

ಮೊದಲನೇ ವರ್ಷ ನಾನು ಪಶ್ಚಿಮದ ಗೋಡೆಗೆ ಕಟ್ಟಿದೆ, ಅಲ್ಲಿ ಜಾಗ ಇತ್ತು ಅಂತ. ಮಧ್ಯಾಹ್ನ ಎರಡು ಗಂಟೆಯವರೆಗೆ ನೆರಳು, ಬಿಸಿಲು ಬಿತ್ತು ಅನ್ನುವಷ್ಟರಲ್ಲಿ ಎದುರಿನ ಗುಡ್ಡ ಅಡ್ಡ. ಇಡೀ ಚಳಿಗಾಲ ದಂಡ ಆಯಿತು. ಮರುವರ್ಷ ಕಿತ್ತು ದಕ್ಷಿಣಕ್ಕೆ ತಂದೆವು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲು ಬೀಳುವ ಗೋಡೆಯೇ ಬೇಕು. ಅದಕ್ಕೆ ಈ ಡಿಸೆಂಬರಿನಲ್ಲಿ ಒಂದು ಇಡೀ ದಿನ ಹೊರಗೆ ಕೂತು ನೆರಳು ನೋಡಿ, ಸಿಲ್ವರ್ ಮರ ಎಲ್ಲಿ ಅಡ್ಡ ಬರುತ್ತದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದು ಮೇಲೆ ಹೊದಿಸುವ ಪ್ಲಾಸ್ಟಿಕ್ ಶೀಟ್ ಅಲ್ಲ, ನಿಮ್ಮ ಕಲ್ಲಿನ ಗೋಡೆ. ಗೋಡೆಯ ಹೊರಗಿನ ಸುಣ್ಣ ಕೆರೆದು ಕಪ್ಪು ಬಣ್ಣ ಬಳಿಯಿರಿ. ಹಗಲು ಕುಡಿದ ಬಿಸಿ ನಿಧಾನವಾಗಿ ಕಲ್ಲಿನೊಳಗೆ ನಡೆದು ಬರುತ್ತದೆ. ನಮ್ಮಲ್ಲಿ ರಾತ್ರಿ ಒಂಬತ್ತರ ಮೇಲೆ ಒಳಗೋಡೆಗೆ ಅಂಗೈ ಇಟ್ಟರೆ, ಆಗಷ್ಟೇ ಹಸು ಎದ್ದುಹೋದ ಜಾಗದ ಹಾಗೆ ಹದವಾದ ಬಿಸಿ ತಾಗುತ್ತದೆ.

ಅದರ ಜೊತೆಗೆ ಗೋಡೆಯಲ್ಲಿ ಎರಡು ಕಿಂಡಿ ಬೇಕು. ನೆಲದ ಹತ್ತಿರ ಒಂದು, ಸೂರಿನ ಕೆಳಗೆ ಒಂದು. ಬಿಸಿ ಗಾಳಿ ಮೇಲಿನ ಕಿಂಡಿಯಿಂದ ಮನೆಯೊಳಗೆ ಬರುತ್ತದೆ, ಕೋಣೆಯ ತಣ್ಣನೆ ಗಾಳಿ ಕೆಳಗಿನ ಕಿಂಡಿಯಿಂದ ಗ್ರೀನ್‌ಹೌಸಿಗೆ ಹೋಗುತ್ತದೆ. ಫ್ಯಾನ್ ಬೇಡ. ಆದರೆ ರಾತ್ರಿ ಇದೇ ಉಲ್ಟಾ ಆಗುತ್ತದೆ, ಕೋಣೆಯ ಬಿಸಿಯೆಲ್ಲ ಮೇಲಿನ ಕಿಂಡಿಯಿಂದ ಹೊರಗೆ. ನಾನು ಮೇಲಿನ ಕಿಂಡಿಗೆ ಬೆರಳಗಲ ಪ್ಲಾಸ್ಟಿಕ್ ಪಟ್ಟಿಯೊಂದನ್ನು ನೇತುಹಾಕಿದ್ದೇನೆ. ಬೆಳಿಗ್ಗೆ ಒಂಬತ್ತೂವರೆಗೆ ಅದು ಮೆಲ್ಲಗೆ ಕೋಣೆಯ ಕಡೆ ಬಾಗುತ್ತದೆ. ಸಂಜೆ ಒಂದು ಹೊತ್ತಿಗೆ ನೆಟ್ಟಗೆ ನಿಲ್ಲುತ್ತದೆ. ನಿಂತ ಕೂಡಲೇ ಎರಡೂ ಕಿಂಡಿ ಮುಚ್ಚಬೇಕು, ಆರಕ್ಕೆ ಮುಚ್ಚಿದರಾಯಿತು ಅಂತ ಬಿಡಬಾರದು. ನನ್ನ ಮನೆಯವರು ಈಗ ಆ ಪಟ್ಟಿ ನೋಡಿಯೇ ಟೀ ಇಡುತ್ತಾರೆ.

ಕಳೆದ ಜನವರಿಯ ಒಂದು ಲೆಕ್ಕ ಬರೆದಿಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ ಹೊರಗೆ 3 ಡಿಗ್ರಿ, ಹಿಂದಿನ ಕೋಣೆ 11, ಗ್ರೀನ್‌ಹೌಸ್ ಪಕ್ಕದ ಕೋಣೆ 15. ನಾಲ್ಕೇ ಡಿಗ್ರಿ ಅಂತ ಅನಿಸಬಹುದು. ಆದರೆ ವಯಸ್ಸಾದವರಿಗೆ ಆ ನಾಲ್ಕು ಡಿಗ್ರಿಯಲ್ಲೇ ನಿದ್ದೆ ಇದೆ.

ಹೊಸೂರಿನಿಂದ:

ನಾನು ಸೈನ್ಯದಲ್ಲಿದ್ದಾಗ ಲೇಹ್ ಕಡೆ ಎರಡು ಚಳಿಗಾಲ ಕಳೆದಿದ್ದೇನೆ. ಅಲ್ಲಿ ಮನೆಯ ದಕ್ಷಿಣಕ್ಕೆ ಚಳಿಗಾಲದಲ್ಲಿ ಪಾಲಿಥೀನ್ ಕಟ್ಟಿ ಬೇಸಿಗೆಯಲ್ಲಿ ಬಿಚ್ಚಿಡುತ್ತಾರೆ. ಆದರೆ ಅಲ್ಲಿನ ನಕ್ಷೆ ತಂದು ಇಲ್ಲಿ ಹಾಗೇ ಕಟ್ಟಬೇಡಿ. ಡಿಸೆಂಬರ್ ನಡುವಿನಲ್ಲಿ ಲೇಹ್‌ನಲ್ಲಿ ಮಧ್ಯಾಹ್ನದ ಸೂರ್ಯ ಸುಮಾರು 32 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ, ಹಾಗಾಗಿ ನೆಟ್ಟಗೆ ನಿಂತ ಗಾಜಿಗೂ ಬಿಸಿಲು ಚೆನ್ನಾಗಿ ಬೀಳುತ್ತದೆ. ಊಟಿಯಲ್ಲಿ ಅದೇ ಹೊತ್ತಿಗೆ 55 ಡಿಗ್ರಿ. ನಿಮಗೆ ಮಾಡಿನ ಇಳಿಜಾರೇ ಮುಖ್ಯ, ನೆಲಕ್ಕೆ 35 ಡಿಗ್ರಿಯಷ್ಟು ಓರೆ ಇದ್ದರೆ ಬಿಸಿಲು ನೇರ ಬೀಳುತ್ತದೆ.

ಇನ್ನು ನೀರಿನ ಡ್ರಮ್. 200 ಲೀಟರ್ ಡ್ರಮ್ಮಿಗೆ ಕಪ್ಪು ಬಳಿದು ಒಳಗಿಟ್ಟರೆ, ಹಗಲಲ್ಲಿ 10 ಡಿಗ್ರಿ ಬಿಸಿಯಾದರೂ ಸಾಕು, ಸುಮಾರು 2.3 ಯೂನಿಟ್ ಕರೆಂಟಿನಷ್ಟು ಶಾಖ ಅದರಲ್ಲಿ ಕೂತಿರುತ್ತದೆ. ಒಂದು ಕಿಲೋವ್ಯಾಟ್ ಹೀಟರ್ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಉರಿದ ಹಾಗೆ. ಎಲ್ಲವೂ ಮನೆಯೊಳಗೆ ಬರುವುದಿಲ್ಲ, ಶೀಟ್ ಮೂಲಕವೂ ಹೋಗುತ್ತದೆ, ಆದರೂ ಒಳಗಿನ ಗಿಡ ಹಿಮಕ್ಕೆ ಸುಡುವುದಿಲ್ಲ.

ಕಾಸರಗೋಡು, ಬದಿಯಡ್ಕ ಕಡೆಯಿಂದ:

ನಮ್ಮಲ್ಲಿ ಮನೆ ಬೆಚ್ಚಗೆ ಮಾಡುವ ಅಗತ್ಯವೇ ಇಲ್ಲ, ಆದರೆ ಅಡಿಕೆ ಒಣಗಿಸಲು ಇದೇ ಪಾಲಿಥೀನಿನ ಮನೆ ಕಟ್ಟಿ ಏಳು ವರ್ಷ ಆಯಿತು. ಚಾಲಿ ಅಡಿಕೆ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ, ಅಂಗಳದಲ್ಲಿ 40–45 ದಿನ ಒಣಗಬೇಕು, ಅಷ್ಟರಲ್ಲಿ ಒಂದು ಮಳೆ ಬಂದರೂ ಕಷ್ಟ. ಅದಕ್ಕೆ ಕಟ್ಟಿದ್ದು. ಶೀಟ್ ವಿಷಯ ಮಾತ್ರ ಹೇಳುತ್ತೇನೆ. ಬಿಸಿಲಿಗೆ ಬೇಗ ಹಾಳಾಗದ ಯುವಿ ಶೀಟೇ ತನ್ನಿ, 200 ಮೈಕ್ರಾನ್. ಅಂಗಡಿಯ ಮಾಮೂಲಿ ಪ್ಲಾಸ್ಟಿಕ್ ಒಂದೇ ಬೇಸಿಗೆಗೆ ಹಪ್ಪಳದ ಹಾಗೆ ಪುಡಿಯಾಯಿತು. ಒಳ್ಳೆಯ ಶೀಟೂ ಮೊದಲು ಹರಿಯುವುದು ಕಬ್ಬಿಣದ ಪೈಪಿಗೆ ತಾಗುವ ಗೆರೆಯಲ್ಲೇ, ಪೈಪ್ ಕಾಯುತ್ತದಲ್ವಾ. ಪೈಪಿಗೆ ಬಿಳಿ ಬಣ್ಣ ಬಳಿದು ಹಳೆ ಪಂಚೆ ಸುತ್ತಿ. ಮೊಳೆ ಹೊಡೆಯಬೇಡಿ, ಪೈಪಿನ ಮೇಲೆ ಚಾನೆಲ್ ಅನ್ನುವ ಲೋಹದ ತೋಡುಪಟ್ಟಿ ಹಾಕಿ, ಶೀಟನ್ನು ಅದರೊಳಗೆ ಸ್ಪ್ರಿಂಗ್ ತಂತಿಯಿಂದ ಒತ್ತಿ ಕೂರಿಸಿ, ಡೊಳ್ಳಿನ ಚರ್ಮದ ಹಾಗೆ ಬಿಗಿ ಇರಬೇಕು. ಸಡಿಲ ಬಿಟ್ಟರೆ ಗಾಳಿಗೆ ಬಡಿದು ಬಡಿದು ಹೋಗುತ್ತದೆ.

ಕೇಳಿದವರು:

ತುಂಬಾ ಉಪಕಾರ. ಒಳಗೆ ಸೊಪ್ಪು, ಟೊಮ್ಯಾಟೊ ಹಾಕಬಹುದಾ? ಮಂಗಗಳ ಕಾಟಕ್ಕೆ ಏನು ಮಾಡುತ್ತೀರಿ?

ಕೂನೂರಿನಿಂದ:

ತಮ್ಮಾ, ಗಿಡದ ವಿಷಯದಲ್ಲಿ ನಾನು ಪೆಟ್ಟು ತಿಂದವಳು. ಆಸೆಗೆ ಬಿದ್ದು ನೆಲ ಕಾಣದಷ್ಟು ಗಿಡ ಇಟ್ಟೆ, ದಿನಾ ನೀರು. ಆ ತೇವವೆಲ್ಲ ಕಿಂಡಿಯಿಂದ ಕೋಣೆಗೆ ಬಂತು. ಒಂದೇ ತಿಂಗಳಲ್ಲಿ ಬೀರುವಿನ ಹಿಂದೆ ಕಪ್ಪು ಬೂಷ್ಟು, ನಮ್ಮತ್ತೆಗೆ ಕೆಮ್ಮು ಹತ್ತಿಕೊಂಡಿತು. ಈಗ ನಾಲ್ಕು ಕುಂಡ ಕೊತ್ತಂಬರಿ, ಒಂದಿಷ್ಟು ಮೆಂತ್ಯ, ಅಷ್ಟೇ. ನೀರು ಬೆಳಿಗ್ಗೆ ಮಾತ್ರ. ಶೀಟ್ ಒಳಗಡೆ ಹನಿ ಕೂತಿದ್ದರೆ ಮೊದಲು ಹೊರಗಿನ ಬಾಗಿಲು ಅರ್ಧ ಗಂಟೆ ತೆರೆದು, ಅದು ಆರಿದ ಮೇಲೆ ಕೋಣೆಯ ಕಿಂಡಿ ತೆರೆಯುತ್ತೇನೆ. ಮಾರ್ಚ್‌ನಿಂದ ಮೇ ತನಕ ಕೋಣೆಯ ಕಿಂಡಿ ಪೂರ್ತಿ ಮುಚ್ಚಿ, ಮೇಲೆ ಹಸಿರು ನೆಟ್ ಎಳೆಯಿರಿ.

ಮಂಗ ಹರಿದೇ ಹರಿಯುತ್ತದೆ. ಶೀಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ತಂತಿ ಬಲೆ ಹಾಕಿಸಿ.

ಒಂದು ಮಾತು, ಕೈ ಮುಗಿದು ಹೇಳುತ್ತೇನೆ. ಬಿಸಿ ಇನ್ನೂ ಸಾಲದು ಅಂತ ಅಮ್ಮನ ಕೋಣೆಯಲ್ಲಾಗಲಿ, ಗ್ರೀನ್‌ಹೌಸಿನಲ್ಲಾಗಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚಬೇಡಿ. ಇದ್ದಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಕೇಳಿದವರು:

ಅಗ್ಗಿಷ್ಟಿಕೆ ನಿನ್ನೆವರೆಗೂ ಅಮ್ಮನ ಮಂಚದ ಕೆಳಗೇ ಇತ್ತು ಅಕ್ಕ. ಈಗಲೇ ತೆಗೆದು ಹೊರಗಿಟ್ಟೆ. ಅಮ್ಮನ ಮಂಚ ಉತ್ತರದ ಕೋಣೆಯಲ್ಲಿದೆ. ಗ್ರೀನ್‌ಹೌಸ್ ಆಗುವ ಮುಂಚೆಯೇ ಅದನ್ನು ದಕ್ಷಿಣದ ಗೋಡೆ ಪಕ್ಕಕ್ಕೆ ಹಾಕುತ್ತೇನೆ. ಭಾನುವಾರ ಬೆಳಿಗ್ಗೆಯಿಂದ ಹೊರಗೆ ಕೂತು ನೆರಳು ಗುರುತು ಹಾಕಿ, ಸಂಜೆ ಇಲ್ಲೇ ಬರೆಯುತ್ತೇನೆ.