ಸೊನ್ನೆಯಿಂದ ಶುರುವಾ?

ಐದು ಜನ ಒಟ್ಟಿಗೆ ಸಿಗರೇಟು ಬಿಡುವುದು ಅಂತ ತೀರ್ಮಾನವಾಗಿದ್ದು ಸಿಗರೇಟು ಸೇದುತ್ತಾ ಇದ್ದಾಗಲೇ. ಪಾರ್ಕಿನ ಕಲ್ಲುಬೆಂಚು, ಸಂಜೆ ಆರೂವರೆ. ಲಂಬು ಕೆಮ್ಮಲು ಶುರು ಮಾಡಿದ. ಅವನ ಕೆಮ್ಮು ನಿಲ್ಲುವಷ್ಟರಲ್ಲಿ ಆಡಿಟರ್ ಒಂದು ಸಿಗರೇಟು ಹಚ್ಚಿ, ಸೇದಿ, ಮುಗಿಸಿದ್ದ.

"ನಾಳೆಯಿಂದ ಬಿಟ್ಬಿಡೋಣ" ಅಂದ ಲಂಬು, ಕಣ್ಣೀರು ಒರೆಸಿಕೊಳ್ಳುತ್ತಾ.

"ಹೋದ ವರ್ಷ ನಾಲ್ಕು ಸಲ ಬಿಟ್ಟಿದ್ದೆಯಲ್ಲೋ" ಅಂದೆ.

"ಅದು ಒಬ್ಬನೇ ಬಿಟ್ಟಿದ್ದು ಕಣೋ. ಒಬ್ಬನೇ ಬಿಟ್ರೆ ಯಾರಿಗೂ ಗೊತ್ತಾಗಲ್ಲ. ಮತ್ತೆ ಹಿಡಿದ್ರೂ ಯಾರಿಗೂ ಗೊತ್ತಾಗಲ್ಲ."

ಲಂಬುವಿನ ಬಾಯಲ್ಲಿ ಇಷ್ಟು ತೂಕದ ಮಾತು ಬಂದಿದ್ದು ನಾನು ಕಂಡಂತೆ ಅದೇ ಮೊದಲು. ಎಲ್ಲರೂ ಸುಮ್ಮನಾದೆವು.

ನಮ್ಮ ಪರಿಚಯ ಹೇಳಿಬಿಡುತ್ತೇನೆ. ಲಂಬು ಉದ್ದ, ಅಷ್ಟೆ. ಆಡಿಟರ್ ಊರವರ ಲೆಕ್ಕ ನೋಡುವವನು, ತಾನು ದಿನಕ್ಕೆ ಎಷ್ಟು ಸೇದುತ್ತೇನೆ ಅನ್ನುವ ಲೆಕ್ಕ ಮಾತ್ರ ಇಟ್ಟವನಲ್ಲ. ಸಿಸ್ಟರ್ ಆಸ್ಪತ್ರೆಯಲ್ಲಿ ನರ್ಸು. "ಎಲ್ಲ ಗೊತ್ತಿದ್ದೂ ಸೇದ್ತೀರಲ್ಲ" ಅಂತ ಯಾರಾದರೂ ಕೇಳಿದರೆ, "ಗೊತ್ತಿರೋ ಟೆನ್ಷನ್ನಿಗೇ ಸೇದೋದು" ಅನ್ನುತ್ತಿದ್ದರು. ಇನ್ನು ಮೇಷ್ಟ್ರು. ಶಿಸ್ತಿಗೆ ಇನ್ನೊಂದು ಹೆಸರು. ಸಿಗರೇಟನ್ನೂ ಗಂಟೆ ಹೊಡೆದ ಹಾಗೆ ಹೊತ್ತು ಹೊತ್ತಿಗೆ ಸೇದುತ್ತಿದ್ದರು.

ತೀರ್ಮಾನ ಆದ ಕೂಡಲೇ ಮೇಷ್ಟ್ರು ಕರವಸ್ತ್ರ ಹರಡಿದರು. "ಲೈಟರ್ ಹಾಕಿ ಎಲ್ಲರೂ. ನಾನೇ ಎಸೀತೀನಿ. ನಿಮ್ಮನ್ನ ನಂಬಲ್ಲ."

ನನ್ನದು ಸ್ಟೀಲಿನ ಲೈಟರು. ಗ್ಯಾಸ್ ತುಂಬಿಸಿ ತುಂಬಿಸಿ ಎಂಟು ವರ್ಷ ಬಳಸಿದ್ದೆ. ಹಿಂದೆ ಬೀಗದ ಕೈ ತಾಗಿ ಉದ್ದಕ್ಕೆ ಒಂದು ಗೀರು ಬಿದ್ದಿತ್ತು. ಗ್ಯಾಸ್ ಮುಗಿದು ಒಂದು ವಾರವಾಗಿತ್ತು, ಹಾಗಾಗಿ ತ್ಯಾಗ ಮಾಡುವುದು ಸುಲಭವಾಯಿತು. ಮರುದಿನ ಬೆಳಿಗ್ಗೆ ಮೇಷ್ಟ್ರ ಮೆಸೇಜು ಬಂತು: "ಐದೂ ಕಸಕ್ಕೆ ಹೋಯ್ತು. ಇನ್ನು ಹಿಂದೆ ನೋಡೋ ಹಾಗಿಲ್ಲ."

ನಿಯಮ ಮಾಡಿದ್ದು ಸಿಸ್ಟರ್. ಸೇದಬೇಕು ಅನ್ನಿಸಿದ ಕೂಡಲೇ ಯಾರಿಗಾದರೂ ಫೋನ್ ಮಾಡಬೇಕು. "ಒಂದು ಸಲ ಬಂದ ಆಸೆ ಕೆಲವೇ ನಿಮಿಷ ಇರೋದು. ಅಷ್ಟು ಹೊತ್ತು ಏನಾದ್ರೂ ಮಾತಾಡಿ. ನೀರು ಕುಡೀರಿ. ಜಗಳ ಬೇಕಾದ್ರೂ ಆಡಿ."

ಜಗಳದ ವಿಷಯದಲ್ಲಿ ಮಾತ್ರ ಅವರ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದೆವು.

ಮೊದಲ ದಿನ ಆಡಿಟರನ ಮೆಸೇಜು: "20 ನಿಮಿಷ ಆಯ್ತು. ಎದೆಬಡಿತ ಇಳಿದಿರಬೇಕು."

ಲಂಬು: "ನಿನ್ನ ಮೆಸೇಜು ನೋಡಿ ನಂದು ಏರ್ತು."

ರಾತ್ರಿ ಮತ್ತೆ: "12 ಗಂಟೆ ಆಯ್ತು. ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡು ಮಾಮೂಲಿಗೆ ಬಂತು."

"ನನ್ನ ತಲೆ ಮಾಮೂಲಿಗೆ ಬರೋದು ಯಾವಾಗ ಅಂತ ಬರೆದಿದೆಯಾ ಅದರಲ್ಲಿ?"

"ಒಂದು ವರ್ಷಕ್ಕೆ ಹೃದಯದ ಕಾಯಿಲೆ ಬರೋ ಅಪಾಯ, ಸೇದುವವರಿಗೆ ಹೋಲಿಸಿದ್ರೆ, ಅರ್ಧಕ್ಕೆ ಇಳಿಯುತ್ತೆ."

"ಲೋ, ನಾನು ಬೆಳಗಾಗೋದನ್ನ ಕಾಯ್ತಾ ಇದ್ದೀನಿ. ನೀನು ವರ್ಷದ ಮಾತಾಡ್ತೀಯಾ."

ಮೂರನೇ ದಿನದ ಬಗ್ಗೆ ಏನೂ ಹೇಳದಿರುವುದೇ ವಾಸಿ. ನಿಕೋಟಿನ್ ಬಿಟ್ಟವರಿಗೆ ಮೊದಲ ಎರಡು ಮೂರು ದಿನವೇ ಎಲ್ಲಕ್ಕಿಂತ ಕಷ್ಟ ಅಂತ ಸಿಸ್ಟರ್ ಮುಂಚೆಯೇ ಹೇಳಿದ್ದರು. ಆ ದಿನ ನಾನು ಬಾಗಿಲಿನ ಹಿಡಿಯ ಜೊತೆ ಜಗಳವಾಡಿದೆ. ಲಂಬು ಫೋನ್ ಮಾಡಿ "ಹೇಗಿದ್ದೀಯ?" ಅಂದ. "ಹೇಗಿದ್ದೀಯ ಅಂತ ಕೇಳೋಕೆ ನೀನ್ಯಾರೋ?" ಅಂದೆ. "ನಾನೂ ಹಾಗೇ ಇದ್ದೀನಿ" ಅಂದು ಇಟ್ಟ. ನಂಬಿ, ಆಮೇಲೆ ಸ್ವಲ್ಪ ಹಾಯೆನಿಸಿತು.

ನಾಲ್ಕನೇ ದಿನ ನನಗೆ ಕೈ ನಡುಕ, ಎದೆ ಡವಡವ. ಇದು ಪಕ್ಕಾ ಹಾರ್ಟ್ ಅಟ್ಯಾಕ್ ಅಂದುಕೊಂಡು ಸಿಸ್ಟರ್‌ಗೆ ಫೋನ್ ಮಾಡಿದೆ.

"ಬೆಳಿಗ್ಗೆಯಿಂದ ಎಷ್ಟು ಕಾಫಿ ಕುಡಿದ್ರಿ?"

"ಯಾವಾಗಿನ ಹಾಗೇ. ಐದು."

"ಅದೇ ಮತ್ತೆ. ಸಿಗರೇಟಿನ ಹೊಗೆ ಲಿವರ್ರಿಗೆ ಚುರುಕು ಮುಟ್ಟಿಸಿ, ಕೆಫೀನನ್ನ ಬೇಗ ಬೇಗ ಕರಗಿಸ್ತಾ ಇತ್ತು. ಈಗ ಹೊಗೆ ಇಲ್ಲ. ಅದೇ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ. ನೀವು ಕುಡಿದಿದ್ದು ಐದು, ಮೈಗೆ ತಾಗಿದ್ದು ಹತ್ತು ಅಂದುಕೊಳ್ಳಿ. ಅರ್ಧಕ್ಕೆ ಇಳಿಸಿ."

ಎರಡು ಚಟ ಒಟ್ಟಿಗೆ ಹೋಗುತ್ತವೆ ಅಂತ ಮೊದಲೇ ಹೇಳಿದ್ದರೆ ನಾನು ಈ ಸಂಘಕ್ಕೆ ಸೇರುತ್ತಲೇ ಇರಲಿಲ್ಲ.

ಮೇಷ್ಟ್ರು ನಿಕೋಟಿನ್ ಚೂಯಿಂಗ್ ಗಮ್ ಹಿಡಿದರು. ಅದನ್ನು ಮಕ್ಕಳ ಗಮ್ಮಿನ ಹಾಗೆ ಒಂದೇ ಸಮನೆ ಜಗಿಯಬಾರದಂತೆ. ನಿಧಾನವಾಗಿ ನಾಲ್ಕು ಸಲ ಜಗಿದು, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆಯ ಮೂಲೆಯಲ್ಲಿ ಇಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತರೆ ಮತ್ತೆ ಜಗಿಯಬೇಕು. ಮೇಷ್ಟ್ರು ಯಾರ ಮಾತನ್ನೂ ಕೇಳುವವರಲ್ಲ. ಹಲ್ಲು ಕಚ್ಚಿ ಜಗಿದರು. ಹಾಗೆ ಜಗಿದರೆ ಬಿಕ್ಕಳಿಕೆ ಬರುತ್ತದೆ. ಬಂತು. ಅವತ್ತು ಇಡೀ ತರಗತಿ ಬಿಕ್ಕಳಿಕೆಯಲ್ಲೇ ಗುಣಾಕಾರ ಕಲಿಯಿತು.

ಆಡಿಟರನಿಗೆ ಪ್ಯಾಚು. ತೋಳಿಗೆ ಅಂಟಿಸಿದರೆ ನಿಕೋಟಿನ್ ಚರ್ಮದ ಮೂಲಕ ನಿಧಾನವಾಗಿ ಇಳಿಯುತ್ತದೆ. ರಾತ್ರಿಯೂ ಹಾಗೇ ಬಿಟ್ಟುಕೊಂಡರೆ ಕೆಲವರಿಗೆ ಬಣ್ಣಬಣ್ಣದ ಕನಸು ಬೀಳುತ್ತದೆ. ಒಂದು ಬೆಳಿಗ್ಗೆ ಐದೂವರೆಗೆ ಫೋನ್ ಮಾಡಿದ.

"ಕನಸಲ್ಲಿ ಎರಡು ಸಿಗರೇಟು ಸೇದಿದೆ. ಲೆಕ್ಕಕ್ಕೆ ಬರುತ್ತಾ?"

"ಬರಲ್ಲ."

"ಒಂದಂತೂ ಬಹಳ ಚೆನ್ನಾಗಿತ್ತು ಕಣೋ."

ಕೆಮ್ಮು ಹೋಗಲಿ ಅಂತ ಬಿಟ್ಟವನು ಲಂಬು. ಎರಡು ವಾರವಾದರೂ ಕೆಮ್ಮು ಹೋಗಲಿಲ್ಲ, ಇನ್ನೂ ಜಾಸ್ತಿಯಾಯಿತು. ಶ್ವಾಸನಾಳದ ಒಳಗೆ ಕಸ ಗುಡಿಸುವ ಸಣ್ಣ ಸಣ್ಣ ಕೂದಲುಗಳಿರುತ್ತವೆ, ಹೊಗೆಗೆ ಅವು ಮಂಕಾಗಿರುತ್ತವೆ, ಈಗ ಚೇತರಿಸಿಕೊಂಡು ಹಳೆಯ ಕಸ ಹೊರಗೆ ಹಾಕುತ್ತಿವೆ ಅಂತ ಸಿಸ್ಟರ್ ಸಮಾಧಾನ ಹೇಳಿದರು.

"ಇಷ್ಟು ವರ್ಷ ಮಲಗಿದ್ದವು, ಈಗ ರಾತ್ರಿ ಎರಡು ಗಂಟೆಗೇ ಗುಡಿಸಬೇಕಾ?" ಅಂದ ಲಂಬು.

ಸಂಜೆ ಬೆಂಚಿನ ಮೇಲೆ ಸೇರುವುದನ್ನು ಬಿಡಲಿಲ್ಲ. ಕೈ ಏನು ಮಾಡಬೇಕು ಅಂತ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುತ್ತಿದ್ದೆವು. ಆಗ ಆಡಿಟರ್ ತನ್ನ ಅಂಕಿಅಂಶ ತೆಗೆಯುತ್ತಿದ್ದ.

"ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನ ಅಂತ ಇದೆ. ಅದರಲ್ಲಿ 12,067 ಜನರ ನಂಟು ಸ್ನೇಹ ಎಲ್ಲ ಜಾಲಾಡಿದ್ರು, 1971ರಿಂದ 2003ರವರೆಗೆ. 2008ರಲ್ಲಿ ಪ್ರಕಟವಾಯ್ತು. ಜನ ಒಬ್ಬೊಬ್ಬರೇ ಬಿಡಲ್ಲ, ಗುಂಪು ಗುಂಪಾಗಿ ಬಿಡ್ತಾರೆ ಅಂತ ಗೊತ್ತಾಯ್ತು. ಗಂಡನೋ ಹೆಂಡತಿಯೋ ಬಿಟ್ರೆ ಇನ್ನೊಬ್ಬರು ಸೇದೋ ಸಂಭವ 67 ಪರ್ಸೆಂಟ್ ಕಡಿಮೆ. ಸ್ನೇಹಿತ ಬಿಟ್ರೆ 36. ಒಡಹುಟ್ಟಿದವರು ಬಿಟ್ರೆ 25."

"ಅಂದ್ರೆ ನನ್ನ ಸ್ವಂತ ತಮ್ಮನಿಗಿಂತ ನೀನು 11 ಪರ್ಸೆಂಟ್ ವಾಸಿ" ಅಂದ ಲಂಬು.

"ಹಾಗೆ ಕಳೆಯೋ ಹಾಗಿಲ್ಲ."

"ಕಳೆದಾಯ್ತು ಬಿಡು. ಅವನಿಗೆ ಇವತ್ತೇ ಹೇಳ್ತೀನಿ."

ಆಡಿಟರನ ದೇವರು ರಿಚರ್ಡ್ ಡಾಲ್. ಶ್ವಾಸಕೋಶದ ಕ್ಯಾನ್ಸರ್ ಯಾಕೆ ಏರುತ್ತಿದೆ ಅಂತ ಲಂಡನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಿಚಾರಿಸಿ ಲೆಕ್ಕ ಹಾಕಿದವನು. ರಸ್ತೆಗೆ ಹಾಕುವ ಟಾರೋ ಮೋಟಾರು ಹೊಗೆಯೋ ಕಾರಣ ಇರಬೇಕು ಅಂತ ಮೊದಲು ಅನುಮಾನಪಟ್ಟಿದ್ದನಂತೆ. ಅಂಕಿಗಳು ಸಿಗರೇಟಿನ ಕಡೆ ಬೆರಳು ತೋರಿಸಿದವು. ಬ್ರಾಡ್‌ಫರ್ಡ್ ಹಿಲ್ ಜೊತೆ ಸೇರಿ ಅದನ್ನು ಪ್ರಕಟಿಸಿದ್ದು 1950ರಲ್ಲಿ. ಅಷ್ಟರಲ್ಲಿ ಡಾಲ್ ತಾನೇ ಸಿಗರೇಟು ಬಿಟ್ಟಿದ್ದ. "ತನ್ನ ಲೆಕ್ಕ ತಾನೇ ನಂಬಿದ ಮನುಷ್ಯ!" ಅನ್ನುವಾಗ ಆಡಿಟರನ ಕಣ್ಣಲ್ಲಿ ನೀರು. ಪ್ಯಾಚಿನ ಪ್ರಭಾವವೂ ಇರಬಹುದು.

ಮೇಷ್ಟ್ರಿಗೆ ಕೆಟ್ಟ ಉದಾಹರಣೆಗಳೇ ಇಷ್ಟ. "ಫ್ರಾಯ್ಡ್‌ನ ನೋಡಿ. ಊರ ಮನಸ್ಸೆಲ್ಲ ಬಿಡಿಸಿ ಹೇಳಿದವನು. ದಿನಕ್ಕೆ 20 ಸಿಗಾರು! ಸ್ನೇಹಿತ ಫ್ಲೀಸ್, ಅವನೂ ಡಾಕ್ಟ್ರೇ, ಬಿಡು ಬಿಡು ಅಂತ ಬಡ್ಕೊಂಡ. ಇಬ್ಬರ ಮಧ್ಯೆ ಕಾಗದವೋ ಕಾಗದ. 1923ರಲ್ಲಿ ಬಾಯಿ ಕ್ಯಾನ್ಸರು. 30ಕ್ಕೂ ಜಾಸ್ತಿ ಆಪರೇಷನ್ನು. ಆದ್ರೂ ಬಿಡಲಿಲ್ಲ. ಸ್ನೇಹಿತರು ಇದ್ರೆ ಸಾಲದು, ಶಿಸ್ತು ಬೇಕು."

"ಶಿಸ್ತಲ್ಲ ಮೇಷ್ಟ್ರೇ, ಫೋನು" ಅಂದ ಲಂಬು. "ಆಸೆ ಇರೋದು ಐದು ನಿಮಿಷ. ಕಾಗದ ತಲುಪೋಕೆ ಎಷ್ಟು ದಿನ?"

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಬಿಕ್ಕಳಿಸಿದರು.

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. 41ನೇ ದಿನ ರಾತ್ರಿ ಹನ್ನೊಂದು ಮುಕ್ಕಾಲಿಗೆ ಲಂಬು ಫೋನ್ ಮಾಡಿದ.

"ಹಳೇ ಸ್ನೇಹಿತನೊಬ್ಬ ಸಿಕ್ಕಿದ್ದ. ಒಂದು ದಮ್ಮು ಎಳೆದೆ."

"ಒಂದೇ?"

"ಒಂದೆರಡು."

"ನಿಜ ಹೇಳೋ."

"ಮುಕ್ಕಾಲು ಸಿಗರೇಟು. ಕಾಲು ಭಾಗ ಎಸೆದೆ. ಅದನ್ನೂ ಬರ್ಕೋ."

ಮರುದಿನ ಬೆಂಚಿನಲ್ಲಿ ಪಂಚಾಯಿತಿ. ಪ್ರಶ್ನೆ ಒಂದೇ: ಲಂಬುವಿನ ಲೆಕ್ಕ 41ರಿಂದ ಮುಂದುವರೀಬೇಕಾ, ಸೊನ್ನೆಯಿಂದ ಶುರುವಾ?

"ಸೊನ್ನೆ" ಅಂದರು ಮೇಷ್ಟ್ರು. "ಒಂದು ವಿಷಯದಲ್ಲಿ ಫೇಲಾದ್ರೂ ಫೇಲು."

"ಫೇಲಾದ ಒಂದು ವಿಷಯ ಮಾತ್ರ ಮತ್ತೆ ಬರೀತಾರೆ ಮೇಷ್ಟ್ರೇ, ಒಂದನೇ ಕ್ಲಾಸಿಂದ ಓದಿಸಲ್ಲ" ಅಂದ ಆಡಿಟರ್. "ಒಂದು ದಿನ ನಷ್ಟ ಬಂತು ಅಂತ ಅಂಗಡಿ ಇವತ್ತೇ ಶುರುವಾಯ್ತು ಅಂತ ಬರೆಯೋಕಾಗುತ್ತಾ? ನಷ್ಟ ತೋರಿಸೋದು, ಮುಂದಕ್ಕೆ ಹೋಗೋದು."

"ಹಾಗಾದ್ರೆ ಎಲ್ಲರೂ ದಿನಾ ಒಂದೊಂದು ನಷ್ಟ ತೋರಿಸ್ತಾರೆ."

ಸಿಸ್ಟರ್ ಬೇರೆ ದಿಕ್ಕಿನಿಂದ ಬಂದರು. "40 ದಿನ ಹೊಗೆ ಕಾಣದ ಶ್ವಾಸಕೋಶ ನಿಮ್ಮ ಡೈರಿ ನೋಡಲ್ಲ. ಆ 40 ದಿನದ ಲಾಭ ಅದಕ್ಕೆ ಸಿಕ್ಕಾಗಿದೆ. ಭಯ ಇರೋದು ಒಂದು ಸಿಗರೇಟಿಗಲ್ಲ. ಹೇಗೂ ಹೋಯ್ತಲ್ಲ ಅಂತ ಮರುದಿನ ಪ್ಯಾಕೆಟ್ಟೇ ತರ್ತಾರಲ್ಲ, ಅದಕ್ಕೆ. ಸೊನ್ನೆ ಅಂದ್ರೆ ಪ್ಯಾಕೆಟ್ಟಿಗೆ ನೀವೇ ದುಡ್ಡು ಕೊಟ್ಟ ಹಾಗೆ."

ಮುಕ್ಕಾಲು ಗಂಟೆ ವಾದ ನಡೆಯಿತು. ಅಷ್ಟು ಹೊತ್ತು ಯಾರಿಗೂ ಸಿಗರೇಟು ನೆನಪಾಗಲಿಲ್ಲ, ಸಿಗರೇಟಿನ ಬಗ್ಗೆಯೇ ಮಾತಾಡುತ್ತಿದ್ದರೂ. ಕೊನೆಗೆ ನಾನು ಆರೋಪಿಯನ್ನೇ ಕೇಳಿದೆ.

"ಸೊನ್ನೆ ಮಾಡಿ" ಅಂದ ಲಂಬು.

ಅವನ ಪರವಾಗಿ ಗಂಟಲು ಹರಿದುಕೊಂಡ ಆಡಿಟರನಿಗೆ ಸಿಟ್ಟು ಬಂತು. "ಯಾಕೋ?"

"ಮೊದಲ ವಾರ ಎಲ್ಲರೂ ದಿನಕ್ಕೆ ಮೂರು ಸಲ ಫೋನ್ ಮಾಡ್ತಿದ್ರಿ. 20ನೇ ದಿನ ಆದಮೇಲೆ ಒಬ್ರೂ ಮಾಡಿಲ್ಲ. ಇವನು ಪಾಸಾದ ಅಂದುಕೊಂಡ್ರಿ. ಸೊನ್ನೆ ಆದ್ರೆ ಮತ್ತೆ ಮಾಡ್ತೀರಲ್ಲ."

ಯಾರೂ ಮಾತಾಡಲಿಲ್ಲ. ಆಡಿಟರ್ ಡೈರಿ ತೆಗೆದು ಲಂಬುವಿನ ಹೆಸರಿನ ಮುಂದೆ 41 ಹೊಡೆದು 40 ಅಂತ ಬರೆದ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಮುಕ್ಕಾಲು" ಅಂತಲೂ ಸೇರಿಸಿದ. ಅವತ್ತಿನಿಂದ ರಾತ್ರಿ ಪಾಳಿ ಶುರುವಾಯಿತು. ಸಿಸ್ಟರ್ ಲಂಬುವಿಗೆ, ಲಂಬು ನನಗೆ, ನಾನು ಆಡಿಟರಿಗೆ, ಆಡಿಟರ್ ಸಿಸ್ಟರಿಗೆ. ಮೇಷ್ಟ್ರಿಗೆ ಯಾರೂ ಮಾಡುತ್ತಿರಲಿಲ್ಲ. ಅವರಿಗೇನು ಕಷ್ಟ? ಅವರೇ ನಮಗೆಲ್ಲ ಮಾಡಿ ಗದರಿಸುತ್ತಿದ್ದರಲ್ಲ.

ನೂರನೇ ದಿನ ಬಂತು. ಲಂಬುವಿಗೆ 99. ಆದರೂ ಒಟ್ಟಿಗೇ ಆಚರಿಸುವುದು ಅಂತಾಯಿತು. ಅಷ್ಟರಲ್ಲಿ ಎಲ್ಲರೂ ಸ್ವಲ್ಪ ಊದಿದ್ದೆವು. ಬಿಟ್ಟವರಲ್ಲಿ ಬಹಳ ಜನ ಮೊದಲ ವರ್ಷ ನಾಲ್ಕೈದು ಕಿಲೋ ಏರುತ್ತಾರಂತೆ. ನಾನು ನೂರು ದಿನದಲ್ಲೇ ಮುಗಿಸಿದ್ದೆ. ಕೇಕು ತಂದವನೂ ನಾನೇ. ಅದೇ ಬೆಂಚಿನ ಮೇಲೆ ಇಟ್ಟು, ಸಿಸ್ಟರ್ ಐದು ಮೇಣದ ಬತ್ತಿ ನೆಟ್ಟರು.

"ಬೆಂಕಿಪೊಟ್ಟಣ?" ಅಂದರು.

ಒಬ್ಬರ ಮುಖ ಒಬ್ಬರು ನೋಡಿದೆವು. ಐದು ಜನ. ಎಲ್ಲ ಸೇರಿದರೆ ನೂರು ವರ್ಷದ ಸೇದಿದ ಅನುಭವ. ಒಬ್ಬರ ಹತ್ತಿರವೂ ಬೆಂಕಿ ಇಲ್ಲ.

ಆಚೆ ಮರದ ಕೆಳಗೆ ಒಬ್ಬ ಹುಡುಗ ಸಿಗರೇಟು ಸೇದುತ್ತಾ ನಿಂತಿದ್ದ. "ಅವನ ಹತ್ರ ಇಸ್ಕೊಂಡು ಬರ್ತೀನಿ" ಅಂದೆ. ನಾನು ಏಳುವಷ್ಟರಲ್ಲಿ ಲಂಬು ಎದ್ದಿದ್ದ. ಆಡಿಟರೂ ಎದ್ದಿದ್ದ. ಸಿಸ್ಟರ್ ಅಷ್ಟರಲ್ಲಿ ನಾಲ್ಕು ಹೆಜ್ಜೆ ಮುಂದೆ.

"ಕೂತ್ಕೊಳ್ಳಿ ಎಲ್ಲರೂ!" ಮೇಷ್ಟ್ರು ಗದರಿದರು. ಕೂತೆವು. ಗಾಳಿ ಬೀಸುತ್ತಿತ್ತು. ಮೇಷ್ಟ್ರು ಆ ಕಡೆ ಈ ಕಡೆ ನೋಡಿದರು. ಆಮೇಲೆ ಚೀಲದೊಳಗೆ ಕೈ ಹಾಕಿ, ಪುಸ್ತಕಗಳ ಕೆಳಗಿನಿಂದ ಏನನ್ನೋ ತೆಗೆದರು.

ಸ್ಟೀಲಿನದು. ಹಿಂದೆ ಉದ್ದಕ್ಕೆ ಒಂದು ಗೀರು.

"ಇದು ನನ್ನದಲ್ವಾ ಮೇಷ್ಟ್ರೇ? ಕಸಕ್ಕೆ ಹಾಕಿದೆ ಅಂದಿದ್ರಿ."

"ಒಳ್ಳೇ ಲೈಟರು. ಎಸೆಯೋಕೆ ಮನಸ್ಸು ಬರಲಿಲ್ಲ. ಸುಮ್ನೆ ಇಟ್ಕೊಂಡಿದ್ದೆ" ಅಂದರು. ಒಂದು ಕೈಯನ್ನು ಅಡ್ಡ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಿಂದ ಒತ್ತಿದರು.

ಒಂದೇ ಸಲಕ್ಕೆ ಹೊತ್ತಿತು.

ಐದೂ ಬತ್ತಿ ಹಚ್ಚಿದರು. ಲಂಬು ಚಪ್ಪಾಳೆ ತಟ್ಟಿದ. ನಾನು ಲೈಟರನ್ನೇ ನೋಡುತ್ತಿದ್ದೆ. ನಾನು ಕೊಟ್ಟಾಗ ಅದರಲ್ಲಿ ಗ್ಯಾಸ್ ಇರಲಿಲ್ಲ.

ಅವತ್ತು ರಾತ್ರಿ ಹನ್ನೊಂದಕ್ಕೆ ಮೇಷ್ಟ್ರಿಗೆ ಫೋನ್ ಮಾಡಿದೆ. ಎಂಗೇಜ್ ಬಂತು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಆಗಲೂ ಎಂಗೇಜ್. ಲಂಬುವಿಗೆ ಮಾಡಿದೆ, ಅವನದೂ ಎಂಗೇಜ್.