ಕ್ಲಿನಿಕ್ಕಿನ ಡೇಟಾಬೇಸ್‌ನಲ್ಲಿ ‘ಭೇಟಿ’ ಅಂದರೆ ಯಾವುದು?

ಒಂದು ಸಣ್ಣ ಕ್ಲಿನಿಕ್ಕಿಗೆ ಡೇಟಾಬೇಸ್ ವಿನ್ಯಾಸ ಮಾಡುವುದು ಹೇಗೆ ಅಂತ ಹೊಸಬರಿಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಪೀಟರ್ ಚೆನ್ 1976ರಲ್ಲಿ ಮುಂದಿಟ್ಟ ಇ-ಆರ್ (ಎಂಟಿಟಿ-ರಿಲೇಶನ್‌ಶಿಪ್) ಚಿತ್ರವೇ ಅದಕ್ಕೆ ಆಧಾರ. ಆಯತದೊಳಗೆ ಎಂಟಿಟಿ (ಯಾವುದರ ಮಾಹಿತಿ ಇಡುತ್ತೇವೋ ಅದು, ಉದಾಹರಣೆಗೆ ರೋಗಿ), ವಜ್ರದಾಕಾರದೊಳಗೆ ರಿಲೇಶನ್‌ಶಿಪ್ (ಎಂಟಿಟಿಗಳ ನಡುವಿನ ಕೊಂಡಿ), ಮೊಟ್ಟೆಯಾಕಾರದೊಳಗೆ ಆಟ್ರಿಬ್ಯೂಟ್ (ಹೆಸರು, ಫೋನ್ ನಂಬರಿನಂಥ ಮಾಹಿತಿ). ಇವಕ್ಕೆ ಕನ್ನಡ ಪದಗಳಿಲ್ಲ ಅಂತಲ್ಲ. ಗ್ರಂಥಾಲಯದ ಉದಾಹರಣೆ ಕೊಟ್ಟರೆ ಆ ಪದಗಳು ಸಲೀಸಾಗಿ ನಡೆಯುತ್ತವೆ. ಕ್ಲಿನಿಕ್ಕಿಗೆ ಬಂದ ಕೂಡಲೇ ಒಂದೊಂದೂ ಬೇರೆ ಅರ್ಥಕ್ಕೆ ಎಳೆಯುತ್ತದೆ. ಬಲ್ಲವರ ಅಭಿಪ್ರಾಯ ಬೇಕು.

ಎಂಟಿಟಿಗೆ ‘ಘಟಕ’ ಅನ್ನುವವರಿದ್ದಾರೆ. ಆದರೆ ಆಸ್ಪತ್ರೆಯ ಮಾತಿನಲ್ಲಿ ಘಟಕ ಅಂದರೆ ವಿಭಾಗ: ತೀವ್ರ ನಿಗಾ ಘಟಕ, ಡಯಾಲಿಸಿಸ್ ಘಟಕ. ‘ರೋಗಿ ಒಂದು ಘಟಕ’ ಅಂದರೆ ಓದುವವರು ಅಲ್ಲೇ ನಿಂತುಬಿಡುತ್ತಾರೆ. ಇದಕ್ಕಿಂತ ಜಾಸ್ತಿ ಕಾಡುವುದು ‘ಲಕ್ಷಣ’. ಆಟ್ರಿಬ್ಯೂಟ್‌ಗೆ ಲಕ್ಷಣ ಅಂದುಕೊಂಡು ‘ರೋಗಿಯ ಲಕ್ಷಣಗಳನ್ನು ಪಟ್ಟಿ ಮಾಡಿ’ ಅಂದರೆ ಯಾರಿಗಾದರೂ ಮೊದಲು ಹೊಳೆಯುವುದು ಜ್ವರ, ಕೆಮ್ಮು, ತಲೆನೋವು. ನಮಗೆ ಅಲ್ಲಿ ಬೇಕಾದದ್ದು ಹೆಸರು, ಹುಟ್ಟಿದ ದಿನಾಂಕ, ಫೋನ್ ನಂಬರು. ಇದು ಬರೀ ಪದದ ಗೊಂದಲವಲ್ಲ. ಜ್ವರ, ಕೆಮ್ಮನ್ನು ರೋಗಿಯ ಟೇಬಲ್‌ನಲ್ಲಿ ಕಾಲಂ ಮಾಡಿದರೆ ವಿನ್ಯಾಸವೇ ಕೆಡುತ್ತದೆ. ಅವು ರೋಗಿ ಅವತ್ತು ಬಂದದ್ದಕ್ಕೆ ಸೇರಿದವು. ಒಂದು ಸಲಕ್ಕೆ ಒಂದೇ ಇರಬಹುದು, ನಾಲ್ಕೂ ಇರಬಹುದು. ಅದಕ್ಕೇ ಬೇರೆ ಟೇಬಲ್ ಬೇಕು. ಹಾಗಾಗಿ ಆಟ್ರಿಬ್ಯೂಟ್‌ಗೆ ನಾನು ‘ವಿವರ’ ಅಂತ ಬರೆಯುತ್ತಿದ್ದೇನೆ. ‘ರೋಗಿಯ ವಿವರ’ ಅಂದರೆ ಕ್ಲಿನಿಕ್ಕಿನವರಿಗೂ ಅದೇ ಅರ್ಥ, ಡೇಟಾಬೇಸಿನವರಿಗೂ ಅದೇ.

‘ಸಂಬಂಧ’ದ ಕಷ್ಟ ಬೇರೆ ಥರದ್ದು. 1970ರಲ್ಲಿ ಎಡ್ಗರ್ ಕಾಡ್ ಎಂಬವರು ಬರೆದ ರಿಲೇಶನಲ್ ಡೇಟಾಬೇಸ್ ಮಾದರಿಯಲ್ಲಿ ರಿಲೇಶನ್ ಅಂದರೆ ಟೇಬಲ್. ಚೆನ್ ಹೇಳುವ ರಿಲೇಶನ್‌ಶಿಪ್ ಅಂದರೆ ಎರಡು ಎಂಟಿಟಿಗಳ ನಡುವಿನ ಕೊಂಡಿ. ಕನ್ನಡದಲ್ಲಿ ಎರಡೂ ಸಂಬಂಧವೇ ಆಗಿಬಿಡುತ್ತದೆ. ಎರಡನೆಯದಕ್ಕೆ ‘ನಂಟು’ ಚೆನ್ನಾಗಿ ಒಗ್ಗುತ್ತದೆ ಅನ್ನಿಸುತ್ತದೆ.

ಇನ್ನು ‘ಭೇಟಿ’. ನನ್ನ ಮುಖ್ಯ ಪ್ರಶ್ನೆ ಇದೇ. ವೈದ್ಯರ ಭೇಟಿಗೆ ಸಮಯ ಗೊತ್ತು ಮಾಡಿಕೊಳ್ಳುವುದನ್ನೂ ಭೇಟಿ ಅನ್ನುತ್ತೇವೆ, ನಿಜವಾಗಿ ಹೋಗಿ ತೋರಿಸಿಕೊಂಡು ಬರುವುದನ್ನೂ ಭೇಟಿ ಅನ್ನುತ್ತೇವೆ. ಮಾತಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಟೇಬಲ್ ಮಾಡಲು ಕೂತಾಗ ಇವು ಎರಡು ಬೇರೆ ಎಂಟಿಟಿಗಳು. ಸಮಯ ತೆಗೆದುಕೊಂಡವರು ಬರದೇ ಇರಬಹುದು. ಸಮಯ ತೆಗೆದುಕೊಳ್ಳದೆ ನೇರವಾಗಿ ಬಂದು ಕೂರುವವರೂ ಇದ್ದಾರೆ. ಅಂದರೆ ಈ ನಂಟಿನ ಎರಡು ತುದಿಯಲ್ಲೂ ‘ಸೊನ್ನೆ ಅಥವಾ ಒಂದು’ ಅಂತ ಗುರುತು ಹಾಕಬೇಕು. ಎರಡನ್ನೂ ಒಂದೇ ಟೇಬಲ್‌ಗೆ ತುರುಕಿದರೆ, ಬರದೇ ಹೋದವರ ಸಾಲಿನಲ್ಲಿ ರಕ್ತದೊತ್ತಡ, ತಪಾಸಣೆಯ ಟಿಪ್ಪಣಿ, ಬಿಲ್ಲು ಎಲ್ಲವೂ ಖಾಲಿ. ನೇರವಾಗಿ ಬಂದವರಿಗೆ ಸುಮ್ನೆ ಒಂದು ಸುಳ್ಳು ಸಮಯ ತುಂಬಬೇಕಾಗುತ್ತದೆ. ವೈದ್ಯಕೀಯ ಮಾಹಿತಿ ಹಂಚಿಕೆಗೆ ಬಳಸುವ ಎಫ್‌ಎಚ್‌ಐಆರ್ ಮಾನದಂಡದಲ್ಲೂ ಅಪಾಯಿಂಟ್‌ಮೆಂಟ್ ಬೇರೆ, ಎನ್‌ಕೌಂಟರ್ (ರೋಗಿ ನಿಜವಾಗಿ ಬಂದು ತೋರಿಸಿಕೊಂಡದ್ದು) ಬೇರೆ. ನಮ್ಮ ಭೇಟಿ ಎನ್‌ಕೌಂಟರ್‌ಗೆ ಸರಿಹೊಂದುತ್ತದೆ. ಮೊದಲನೆಯದಕ್ಕೆ ‘ಅಪಾಯಿಂಟ್‌ಮೆಂಟ್’ ಅಂತಲೇ ಉಳಿಸಿಕೊಂಡಿದ್ದೇನೆ. ‘ಮುಂಗಡ ಸಮಯ ನಿಗದಿ’ ಅಂತ ಬರೆದರೆ ಯಾರೂ ಹಾಗೆ ಮಾತಾಡುವುದಿಲ್ಲ ಅಲ್ವಾ?

ಪದ ಹುಡುಕುವಾಗ ಒಂದು ಸಂಗತಿ ಖುಷಿ ಕೊಟ್ಟಿತು. ವಾಕ್ಯದ ನಾಮಪದ ಎಂಟಿಟಿಯಾಗುತ್ತದೆ, ಕ್ರಿಯಾಪದ ರಿಲೇಶನ್‌ಶಿಪ್ ಆಗುತ್ತದೆ ಅಂತ ಚೆನ್ ಇಂಗ್ಲಿಷ್ ವಾಕ್ಯಗಳನ್ನಿಟ್ಟುಕೊಂಡು ತೋರಿಸಿದ್ದರು. ಕನ್ನಡದಲ್ಲಿ ಅದು ಇನ್ನೂ ನಿಚ್ಚಳ. ‘ವೈದ್ಯರು ರೋಗಿಗೆ ಔಷಧವನ್ನು ಬರೆದುಕೊಡುತ್ತಾರೆ.’ ಒಂದು ಕ್ರಿಯೆ, ಅದಕ್ಕೆ ಮೂರು ಎಂಟಿಟಿ. ಯಾರು ಯಾವ ಪಾತ್ರದಲ್ಲಿದ್ದಾರೆ ಅಂತ ವಿಭಕ್ತಿಯೇ ಹೇಳುತ್ತದೆ. ‘ದಿನಕ್ಕೆರಡು ಸಲ, ಐದು ದಿನ’ ಅನ್ನುವುದು ಈ ಬರೆದುಕೊಡುವ ಕ್ರಿಯೆಗೆ ಸೇರುತ್ತದೆ, ಔಷಧಕ್ಕೂ ಅಲ್ಲ, ರೋಗಿಗೂ ಅಲ್ಲ. ಅದೇ ಮಾತ್ರೆಯನ್ನು ಇನ್ನೊಬ್ಬರಿಗೆ ಮೂರು ಸಲ ಬರೆಯಬಹುದು. ಹಾಗಾಗಿ ಪ್ರಮಾಣದ ಕಾಲಂ ಔಷಧ ಚೀಟಿಯ ಸಾಲಿನಲ್ಲಿರಬೇಕು, ಔಷಧದ ಟೇಬಲ್‌ನಲ್ಲಲ್ಲ. ಕಲಿಯುವವರಿಗೆ ಇದನ್ನು ಹೀಗೆ ವಾಕ್ಯದಿಂದಲೇ ತೋರಿಸುವುದು ಒಳ್ಳೆಯದು.

ಪ್ರೈಮರಿ ಕೀ (ಟೇಬಲ್‌ನ ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ವಿಷಯಕ್ಕೆ ಜಾಸ್ತಿ ಹೋಗುವುದಿಲ್ಲ. ‘ಕೀಲಿ’ ಅಂದರೆ ಹಲವರಿಗೆ ಬೀಗ, ಕೆಲವರಿಗೆ ಬೀಗದ ಕೈ. ‘ಗುರುತಿನ ಸಂಖ್ಯೆ’ ಸಾಕು ಅನ್ನಿಸಿದೆ.

ನನಗೆ ಇನ್ನೂ ಸಿಗದಿರುವುದು ವೀಕ್ ಎಂಟಿಟಿಗೆ ಪದ. ಔಷಧ ಚೀಟಿಯ ಮೂರನೇ ಸಾಲು ಅಂದರೆ ಯಾವ ಚೀಟಿಯದು ಅಂತ ಹೇಳದೆ ಅದಕ್ಕೆ ಗುರುತೇ ಇಲ್ಲ. ಚಿತ್ರದಲ್ಲಿ ಜೋಡಿ ಗೆರೆಯ ಆಯತದಲ್ಲಿ ಹಾಕುವುದು ಇದನ್ನೇ. ‘ದುರ್ಬಲ’ ಅಂದರೆ ಕ್ಲಿನಿಕ್ಕಿನಲ್ಲಿ ರೋಗಿಯ ಸ್ಥಿತಿ. ‘ಅವಲಂಬಿತ’ ಅಂದರೆ ವಿಮೆಯ ಫಾರಂನಲ್ಲಿರುವ ಮನೆಮಂದಿ. ಇನ್ನೊಂದರ ಗುರುತನ್ನು ಸೇರಿಸಿಕೊಂಡೇ ಗುರುತಾಗುವಂಥದ್ದು ಅನ್ನುವ ಅರ್ಥ ಬರಬೇಕು. ‘ಆಸರೆ ಎಂಟಿಟಿ’ ಅಂದರೆ ಆಸರೆ ಕೊಡುವುದೋ ಪಡೆಯುವುದೋ ತಿಳಿಯುವುದಿಲ್ಲ. ಪಾಠ ಮಾಡುವವರು ಯಾರಾದರೂ ತರಗತಿಯಲ್ಲಿ ಬಳಸಿ ನೋಡಿದ ಪದವಿದ್ದರೆ ದಯವಿಟ್ಟು ತಿಳಿಸಿ. ಯಾವ ಉದಾಹರಣೆಯ ಜೊತೆ ಬಳಸಿದಿರಿ ಅನ್ನುವುದನ್ನೂ ಹೇಳಿದರೆ ಉಪಕಾರವಾಗುತ್ತದೆ.